ಗುಡ್ ಮಾರ್ನಿಂಗ್ ಸಿಸ್ಟರ್, ಏಯ್ ಆಯಾ

ಗೆಳೆಯರೊಬ್ಬರು ಮಗಳ ಶಾಲೆಯ ವಿಡಿಯೋ ಹಾಕಿದ್ದಾರೆ. ಕ್ಯಾಥೊಲಿಕ್ ಶಾಲೆ. 40 ಮಕ್ಕಳು ಒಟ್ಟಿಗೆ ಎದ್ದು ನಿಂತು ರಾಗವಾಗಿ 'ಗುಡ್ ಮಾರ್ನಿಂಗ್ ಸಿಸ್ಟರ್' ಅಂತಾರೆ. ಕೆಳಗೆ 'ಸಂಸ್ಕಾರ ಅಂದ್ರೆ ಇದು' ಅನ್ನೋ ಕಾಮೆಂಟುಗಳ ಸಾಲು.

ನಾನೂ ಅಂಥದ್ದೇ ಒಂದು ಶಾಲೆಯಲ್ಲಿ ಓದಿದವನು. 10 ವರ್ಷ ಇದೇ ರಾಗ ಎಳೆದಿದ್ದೇನೆ. ನಮ್ಮವ್ವ ಅಲ್ಲೇ ಆಯಾ ಆಗಿದ್ದಳು. ಕಕ್ಕಸು ತೊಳೆಯೋದು, ಮಕ್ಕಳು ವಾಂತಿ ಮಾಡಿದರೆ ಬಳಿಯೋದು ಅವಳ ಕೆಲಸ.

ದೊಡ್ಡವರು ಬಂದರೆ ಎದ್ದು ನಿಲ್ಲಬೇಕು ಅಂತ ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಕಲಿಸಿದ್ದರು. ಅವ್ವ ಬಕೆಟ್ ಹಿಡಿದು ಕ್ಲಾಸಿಗೆ ಬಂದಾಗ ಯಾರೂ ಏಳಲಿಲ್ಲ. 'ಏಯ್ ಆಯಾ, ಇಲ್ಲಿ ಒರೆಸು' ಅಂದ 8 ವರ್ಷದ ಹುಡುಗ. ಟೀಚರಿಗೆ ಕೇಳಿಸಿತು. ಬೋರ್ಡಿನ ಕಡೆ ತಿರುಗಿದರು. ನಾನೂ ಏಳಲಿಲ್ಲ. ಅವಳು ನಮ್ಮವ್ವ ಅಂತ ಪಕ್ಕದವನಿಗೆ ಗೊತ್ತಾಗಬಾರದಿತ್ತು. ಇದನ್ನ ಬರೆಯೋಕೆ ನನಗೆ 30 ವರ್ಷ ಬೇಕಾಯ್ತು.

ಇಂಗ್ಲಿಷಿನಲ್ಲಿ ಎಲ್ಲರಿಗೂ 'ಯೂ'. ಕನ್ನಡದಲ್ಲಿ ಬಾ, ಬನ್ನಿ, ಅವಳು, ಅವರು. ಬಾಯಿ ಬಿಟ್ಟ ಕೂಡಲೇ ಎದುರಿಗಿರೋರ ಸ್ಥಾನ ತೀರ್ಮಾನ ಆಗಿಬಿಡುತ್ತೆ. ಗೌಡರ ಮನೆಯ ಚಿಕ್ಕ ಮಗು ನಮ್ಮಜ್ಜನನ್ನು 'ಬಾರೋ, ಹೋಗೋ' ಅಂದದ್ದು ಕೇಳಿಯೇ ನಾವು ಬೆಳೆದಿದ್ದು. ಆ ಏಕವಚನ ಊರಿಂದ ಶಾಲೆಯ ಗೇಟು ದಾಟಿ ಒಳಗೆ ಬಂತು. ಯಾರೂ ತಡೆಯಲಿಲ್ಲ. (ನಾನೂ ಅವ್ವನಿಗೆ ಏಕವಚನ ಬಳಸ್ತೀನಿ. ಸಲಿಗೆಗೂ ಸದರಕ್ಕೂ ವ್ಯತ್ಯಾಸ ಗೊತ್ತಿಲ್ಲದೋರು ಕಾಮೆಂಟಿಗೆ ಬರಬೇಡಿ.)

'ಮಿಶನರಿ ಶಾಲೆಗಳು ಇಲ್ಲದಿದ್ದರೆ ನಿಮಗೆ ಅಕ್ಷರ ಎಲ್ಲಿತ್ತು' ಅಂತ ಕೇಳ್ತೀರಿ. ಋಣ ಮರೆತಿಲ್ಲ. ಬಾಲಕ ಭೀಮರಾವ್ ಮನೆಯಿಂದ ಗೋಣಿತಟ್ಟು ತಂದು ಬೇರೆ ಕೂತು, ಜವಾನ ನೀರು ಹೊಯ್ದರಷ್ಟೇ ಕುಡಿದ ದೇಶದಲ್ಲಿ, ನಮ್ಮನ್ನ ಬೆಂಚಿನ ಮೇಲೆ ಕೂರಿಸಿದ್ದು ಸಣ್ಣ ಕೆಲಸ ಅಲ್ಲ. ಆದರೆ ಚರ್ಚಿನೊಳಗೆ ಜಾತಿ ತಾರತಮ್ಯ ಇದೆ ಅಂತ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯೇ 2016ರ ತನ್ನ ದಲಿತ ನೀತಿಯಲ್ಲಿ ಒಪ್ಪಿಕೊಂಡಿದೆ. ಒಪ್ಪಿದ್ದು ಕ್ಲಾಸ್‌ರೂಮಿಗೆ ಇಳಿಯೋದು ಯಾವಾಗ? ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ ಅನ್ವಯಿಸಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಬಡಮಕ್ಕಳಿಗೆ ಶೇ 25 ಸೀಟು ಕೊಡೋ ಬಾಧ್ಯತೆಯೂ ಇಲ್ಲ. ಆಯಾಳ ಮಗು ಪಕ್ಕದ ಬೆಂಚಲ್ಲೇ ಇಲ್ಲ ಅಂದ್ರೆ, ಗೌರವ ಕೊಡೋದನ್ನ ಮಕ್ಕಳು ಯಾರ ಜೊತೆ ಅಭ್ಯಾಸ ಮಾಡ್ಬೇಕು?

ಇನ್ನು ಇದನ್ನ ಹಿಡಕೊಂಡು ಚರ್ಚಿನ ಮೇಲೆ ಬೀಳೋಕೆ ಕಾಯ್ತಿರೋ ಕೇಸರಿ ಅಣ್ಣಂದಿರೇ, ಮೊದಲು ನಿಮ್ಮ ಮಠಗಳ ಪಂಕ್ತಿಭೇದದ ಲೆಕ್ಕ ಕೊಟ್ಟು ಬನ್ನಿ.

ಸಿಸ್ಟರ್, ನಿಮ್ಮನ್ನ ಕೇಳೋದು ಇಷ್ಟೇ. ನಾಳೆ ಅಸೆಂಬ್ಲಿಯಲ್ಲಿ ಆಯಾಗಳನ್ನ ಮುಂದೆ ಕರೆದು ಅವರ ಹೆಸರು ಹೇಳಿ. 'ಬನ್ನಿ', 'ಕೊಡಿ' ಅಂತ ಮಾತಾಡೋದನ್ನ ಮೊದಲು ಟೀಚರುಗಳಿಗೆ ಕಲಿಸಿ, ಮಕ್ಕಳು ನೋಡಿ ಕಲೀತಾರೆ. ಕೈಗವಸು ಕೊಡಿ, ಸ್ಟಾಫ್ ರೂಮಲ್ಲಿ ಕುರ್ಚಿ ಕೊಡಿ.

ನಮ್ಮವ್ವ 17 ವರ್ಷ ಅಲ್ಲಿ ದುಡಿದಳು. ಬಿಡೋ ದಿನ ಸರ್ಟಿಫಿಕೇಟ್ ಬರೆಯೋಕೆ ಆಫೀಸಿನವರು ಕೇಳಿದರಂತೆ, 'ನಿನ್ನ ಹೆಸರೇನಮ್ಮಾ?'

ಜೈ ಭೀಮ್.