ಮನೆಯ ಉಪಕರಣಗಳು: ಕಾರಿನ ಮೆರುಗನ್ನು ಉಜ್ಜುವ ಯಂತ್ರ

ಮರಳಿ ಬಣ್ಣ ಹಾಕಿಸಿದ ಕಾರಿನ ಬಾನೆಟ್ಟು ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗಿ ಕಾಣುತ್ತಿರುವುದೆಂದೂ, ಅದನ್ನು ನೀರಿಲ್ಲದೆ ಉಜ್ಜಿ ನಯಮಾಡಿ ಬಳಿಕ ಪಾಲಿಶ್ ಮಾಡಲು ಎಂತಹ ಸ್ಯಾಂಡರನ್ನು ಕೊಳ್ಳಬೇಕೆಂದೂ ವಾಚಕರೊಬ್ಬರು ಕೇಳಿರುವರು. ಯಂತ್ರದ ಮಾತಿಗೆ ಮುನ್ನ, ಅದು ಉಜ್ಜತಕ್ಕ ಲೇಪದ ಮಾತನ್ನಾಡುವುದು ಯುಕ್ತ.

೧೯೮೦ರ ದಶಕದಿಂದೀಚಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪವೊಂದಿರುತ್ತದೆ. ಕಾರ್ಖಾನೆಯಲ್ಲಿ ಹಾಕಿದ್ದಾದರೆ ಅದರ ದಪ್ಪ ಸಾಮಾನ್ಯವಾಗಿ ೩೫ರಿಂದ ೫೦ ಮೈಕ್ರಾನ್. ಅಂದರೆ ತಲೆಗೂದಲಿಗಿಂತಲೂ ತೆಳುವು. ಗ್ಯಾರೇಜಿನಲ್ಲಿ ಹಾಕಿದ್ದರ ದಪ್ಪವು ಕೆಲಸಗಾರನಿಂದ ಕೆಲಸಗಾರನಿಗೆ ಬೇರೆ. ಕೆಳಗಿನ ಬಣ್ಣವನ್ನು ಬಿಸಿಲಿನಿಂದ ಕಾಯುವುದು ಇದೇ ಲೇಪ. ಉಜ್ಜಿ ಕಳೆದುಕೊಂಡದ್ದನ್ನು ಯಾವ ಪಾಲಿಶೂ ತಿರುಗಿ ತಂದುಕೊಡಲಾರದು. ಆ ಭಾಗಕ್ಕೆ ಪುನಃ ಬಣ್ಣ ಹಾಕಿಸುವ ವೆಚ್ಚ ತಪ್ಪದು. ಆದಕಾರಣ ಬೇಗ ಕೆರೆಯುವ ಯಂತ್ರಕ್ಕಿಂತ ಮೆಲ್ಲನೆ ಕೆರೆಯುವ ಯಂತ್ರವೇ ಇಲ್ಲಿ ಲೇಸು.

ಬೇಕಾದದ್ದು ತನ್ನ ಸುತ್ತ ತಾನು ತಿರುಗುತ್ತಲೇ ಚಿಕ್ಕ ಚಿಕ್ಕ ಸುತ್ತು ಹಾಕುವ ರ‍್ಯಾಂಡಮ್ ಆರ್ಬಿಟಲ್ ಜಾತಿಯ ಸ್ಯಾಂಡರು. ಈ ಸುತ್ತಿನ ಅಳತೆಯನ್ನು ಅಂಗಡಿಯವನು ತಾನಾಗಿ ಹೇಳುವುದು ಅಪರೂಪ, ಕೇಳಿಯೇ ತಿಳಿಯತಕ್ಕದ್ದು. ೫ ಮಿಲಿಮೀಟರಿನದು ಹೆಚ್ಚು ಕೆರೆಯುವುದು. ೩ ಅಥವಾ ಅದಕ್ಕೂ ಕಡಿಮೆಯದು ನಯವಾದ ಗೀರನ್ನು ಬಿಡುವುದರಿಂದ ಪಾಲಿಶಿನ ಶ್ರಮವನ್ನು ಉಳಿಸುವುದು. ನಾನಾದರೆ ೩ರದ್ದನ್ನೇ ಆರಿಸುವೆನು. ಮನೆಯಲ್ಲಿ ಮರಗೆಲಸದ ಸ್ಯಾಂಡರಿದೆಯಲ್ಲಾ ಎನ್ನುವವರಿಗೆ ಒಂದು ಮಾತು: ಅನೇಕವೇಳೆ ಅದರ ಸುತ್ತು ಚಿಕ್ಕದೇ, ದೋಷವಿರುವುದು ಗಡುಸಾದ ಅದರ ತಳದಲ್ಲಿ ಮತ್ತು ವೇಗವನ್ನು ಸಾಕಷ್ಟು ತಗ್ಗಿಸಲಾಗದಿರುವುದರಲ್ಲಿ.

ಯಂತ್ರಕ್ಕೂ ಉಪ್ಪುಕಾಗದಕ್ಕೂ ನಡುವೆ ಸ್ಪಂಜಿನಂತಹ ಮೆತ್ತೆಯೊಂದು ಇರಬೇಕು. ಅತಿ ಮೃದುವಾದರೆ ಅದು ತರಿಗಳ ಏರಿಳಿತವನ್ನೇ ಅನುಸರಿಸಿ ಹೋಗುವುದು, ಮಟ್ಟಮಾಡದು. ಗಡುಸಾದರೆ ಉಬ್ಬಿದೆಡೆಯಲ್ಲಿ ಕೊರೆಯುವುದು. ಪಿ ೧೫೦೦ರ ಕಾಗದಕ್ಕೆ ಮಧ್ಯಮ ಮೆತ್ತೆ, ಕಡೆಯ ಪಿ ೩೦೦೦ಕ್ಕೆ ಮೃದುವಾದದ್ದು ಸಾಕು. ಬಾನೆಟ್ಟಿನಂತಹ ವಿಶಾಲವಾದ ಜಾಗಕ್ಕೆ ೧೫೦ ಮಿಲಿಮೀಟರಿನ ತಟ್ಟೆಯೂ ಇಕ್ಕಟ್ಟಿನ ಜಾಗಗಳಿಗೆ ೭೫ರದ್ದೂ ಒಗ್ಗುತ್ತವೆ. ಅಂಚುಗಳಲ್ಲಿ ಲೇಪವು ಮೊದಲೇ ತೆಳು. ಅಲ್ಲಿ ಟೇಪನ್ನು ಅಂಟಿಸಿ ಯಂತ್ರವನ್ನು ದೂರವಿಡಿರಿ.

ಒಣಗೆಲಸದ ದೊಡ್ಡ ಗುಣವೆಂದರೆ ಕಣ್ಣಿಗೆ ಎಲ್ಲವೂ ಕಾಣುವುದು. ಉಜ್ಜಿದ ಕಡೆ ಮಂಕಾಗಿ, ಇನ್ನೂ ತಗ್ಗಾಗಿರುವ ಕಡೆ ಹೊಳೆಯುತ್ತದೆ. ಧೂಳು ಬೆಳ್ಳಗಿರುವವರೆಗೆ ಕ್ಷೇಮ. ಕಾರಿನ ಬಣ್ಣವು ಧೂಳಿನಲ್ಲಿ ಕಂಡೊಡನೆ ಕೈ ನಿಲ್ಲಿಸತಕ್ಕದ್ದು. (ಬಿಳಿಯ ಕಾರಿನವರಿಗೆ ಈ ಎಚ್ಚರಿಕೆಯ ನೆರವಿಲ್ಲ.) ಆದರೆ ಆ ಧೂಳು ಕಾಗದದ ಕೆಳಗೆ ಉಂಡೆಗಟ್ಟಿದರೆ ಹಂದಿಯ ಬಾಲದಂತೆ ಸುರುಳಿಗೀರುಗಳನ್ನು ಮೂಡಿಸುವುದು. ಹಾಗಾಗಿ ತಟ್ಟೆಯ ರಂಧ್ರಗಳ ಮೂಲಕ ಧೂಳನ್ನು ಸೆಳೆಯುವ, ವ್ಯಾಕ್ಯೂಮ್ ಕ್ಲೀನರಿಗೆ ಜೋಡಿಸಬಹುದಾದ ಯಂತ್ರವನ್ನೇ ಕೊಳ್ಳಿರಿ. ಈ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎನ್ ೯೫ ಮುಖವಾಡ ಅವಶ್ಯ, ಮಕ್ಕಳು ಹತ್ತಿರ ಬರಕೂಡದು.

ಗಾಳಿಯಿಂದ ನಡೆಯುವ ಸ್ಯಾಂಡರು ಹಗುರವಾಗಿದ್ದು ಕೈಗೆ ಹಿತವೇನೋ ಸರಿ. ಆದರೆ ಅದರ ಹಸಿವು ಬಹಳ. ಟೈರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರು ಅದಕ್ಕೆ ಸಾಲದು. ಮನೆಗೆ ವಿದ್ಯುತ್ತಿನದೇ ಅನುಕೂಲ.

ಹಣ ಮಿತವಾಗಿದ್ದರೆ ಮೊದಲು ದಪ್ಪ ಅಳೆಯುವ ಮಾಪಕವನ್ನು ಕೊಳ್ಳಿರೆಂದು ನನ್ನ ಸಲಹೆ. ಸಾಧಾರಣ ಮಾಪಕವು ಎಲ್ಲಾ ಲೇಪಗಳ ಒಟ್ಟು ದಪ್ಪವನ್ನಷ್ಟೇ ಹೇಳುವುದು. ಪ್ಲಾಸ್ಟಿಕ್ ಬಂಪರಿನ ಮೇಲೆ ನಡೆಯದು. ಆದರೂ ಉಜ್ಜುವ ಮುನ್ನ ಒಮ್ಮೆ, ಬಳಿಕ ಒಮ್ಮೆ ಅಳೆದರೆ ಎಷ್ಟು ಹೋಯಿತೆಂಬುದು ತಿಳಿಯುವುದು. ಗುಜರಿ ಅಂಗಡಿಯಿಂದ ಹಳೆಯ ಬಾಗಿಲೊಂದನ್ನು ತಂದು, ಬಣ್ಣ ಹೊರಬೀಳುವವರೆಗೂ ಅಳೆಯುತ್ತ ಉಜ್ಜಿನೋಡಿ, ಆಮೇಲೆ ಸ್ವಂತ ಕಾರಿನ ಬಳಿಗೆ ಹೋಗಿರಿ.