ಸಂಚಕಾರ ಕೊಡದಿದ್ದರೆ ಸಂಚಕಾರ!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಟಿಕೆಟ್ ಇಟ್ಟು ಸಂಗೀತ ಕಾರ್ಯಕ್ರಮ ಮಾಡಬೇಕಾದರೆ ಗುಂಡಿಗೆ ಗಟ್ಟಿಯಿರಬೇಕು. ಹದಿನೈದು ದಿನ ಮುಂಚೆ ಟಿಕೆಟ್ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತುವವರಿಗೆ ಸಿಗುವ ಉತ್ತರ ಒಂದೇ: “ಇನ್ನೂ ಟೈಮ್ ಐತಲ್ಲಣ್ಣ, ಅವತ್ತೇ ತಗಂಡ್ರಾಯ್ತು ಬಿಡು.” ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಬರುತ್ತೇವೆಂದು ಜೇಬಿಗೂ ಕೈ ಹಾಕುವುದಿಲ್ಲ. ಈ ‘ಅವತ್ತೇ ತಗಂಡ್ರಾಯ್ತು’ ಎಂಬ ಮಾತು ಸಣ್ಣದಾಗಿ ಕಾಣಬಹುದು. ನಮ್ಮ ಭಾಗದಲ್ಲಿ ಒಳ್ಳೆಯ ಸಂಗೀತ ಅಪರೂಪವಾಗುವುದಕ್ಕೆ ಇದೂ ಒಂದು ಕಾರಣ ಎಂಬುದನ್ನು ವರ್ತಕರೂ ಬಸ್ ಪ್ರಯಾಣಿಕರೂ ಕೊಂಚ ಯೋಚಿಸಬೇಕು.

ಮುಂಗಡ ಕೊಡುವುದು ನಮಗೇನೂ ಹೊಸದಲ್ಲ. ಅಡಿಕೆ ತೋಟ ಚೇಣಿಗೆ ಹಿಡಿಯುವವನು ಸಂಚಕಾರ ಕೊಡದೆ ತೋಟದೊಳಕ್ಕೆ ಕಾಲಿಡುವಂತಿಲ್ಲ. ಮದುವೆ ಛತ್ರ, ಶಾಮಿಯಾನ, ಅಡಿಗೆಯವರು, ವಾಲಗದವರು, ಇವರೆಲ್ಲರ ಕೈಗೆ ಸಂಚಕಾರ ಬಿದ್ದ ಮೇಲೇ ಮಾತು ಗಟ್ಟಿ. ಕೊಬ್ಬರಿ ಆಗಲೆಂದು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಕಾಯಿಸುವ ಜನ ನಾವು. ಕಾಯುವುದೂ ಗೊತ್ತು, ಮುಂಗಡದ ಬೆಲೆಯೂ ಗೊತ್ತು. ಹಾಡಿನ ವಿಷಯ ಬಂದಾಗ ಮಾತ್ರ ಎರಡೂ ಮರೆತುಹೋಗುತ್ತೆ. ಸಂಚಕಾರ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಒಂದು ಮುಂಗಡ, ಇನ್ನೊಂದು ಕೇಡು. ಮೊದಲನೆಯದು ಕೊಡದೆ ಹೋದರೆ ಎರಡನೆಯದು ಬಂದೇ ಬರುತ್ತೆ.

ಲೆಕ್ಕ ಹೀಗಿದೆ

ಉದಾಹರಣೆಗೆ ಒಂದು ಕಾರ್ಯಕ್ರಮಕ್ಕೆ 3 ಲಕ್ಷ ರೂಪಾಯಿ ಖರ್ಚು ಎನ್ನಿ. ಟಿಕೆಟ್ 200 ರೂಪಾಯಿ. ಅಂದರೆ 1,500 ಟಿಕೆಟ್ ಹೋದರೆ ಅಸಲು ಗಿಟ್ಟಿತು. ಹತ್ತು ದಿನ ಬಾಕಿಯಿರುವಾಗ ಹೋಗಿರುವುದು 150 ಮಾತ್ರ. ಗಲ್ಲಾದಲ್ಲಿರುವುದು 30 ಸಾವಿರ. ಅಷ್ಟರಲ್ಲಿ ಹಾಡುವವರು, ಮೈಕ್ ಸೆಟ್‌ನವರು, ಜನರೇಟರ್‌ನವರು ಬಾಕಿ ಹಣ ಕೇಳಲು ಶುರುಮಾಡಿರುತ್ತಾರೆ. ನಡೆಸುವವರು ಕೈಯಿಂದ ಹಾಕಬೇಕು, ಇಲ್ಲ ಸಾಲ ತರಬೇಕು. ಎರಡೂ ಆಗದವರು ಕೊಟ್ಟ ಮುಂಗಡ ಹೋದರೆ ಹೋಗಲಿ ಎಂದು ಕಾರ್ಯಕ್ರಮವನ್ನೇ ನಿಲ್ಲಿಸುತ್ತಾರೆ.

ಆ ಸಂಜೆ ಗೇಟಿನಲ್ಲೇ ಟಿಕೆಟ್ ತಗೊಳ್ಳೋಣ ಎಂದು ಮನಸ್ಸಿನಲ್ಲಿಟ್ಟುಕೊಂಡಿದ್ದವರು 1,350 ಮಂದಿ ಇದ್ದರು ಅಂತಿಟ್ಟುಕೊಳ್ಳಿ. 150ಕ್ಕೆ ಅದನ್ನು ಸೇರಿಸಿದರೆ ಸರಿಯಾಗಿ 1,500! ಜನ ಇದ್ದರು, ದುಡ್ಡೂ ಇತ್ತು, ಆಸೆಯೂ ಇತ್ತು. ಆದರೆ ಅದು ನಡೆಸುವವರಿಗೆ ಗೊತ್ತಾಗುವುದು ಹೇಗೆ? ಮುಂಗಡ ಟಿಕೆಟ್ ಎಂದರೆ ಬರೀ ದುಡ್ಡಲ್ಲ, ‘ನಾನು ಬರುತ್ತೇನೆ’ ಎಂಬ ಸುದ್ದಿ. ಆ ಸುದ್ದಿ ಹೊತ್ತಿಗೆ ಮುಟ್ಟದಿದ್ದರೆ ಎಲ್ಲರಿಗೂ ಬೇಕಾದ ಕಾರ್ಯಕ್ರಮವೂ ಯಾರಿಗೂ ಬೇಡವಾದಂತೆ ನಿಂತುಹೋಗುತ್ತೆ.

ನಿಲ್ಲಿಸದೆ ನಡೆಸಿದರೂ ಕತ್ತರಿ ತಪ್ಪದು. ಎಂಟು ವಾದ್ಯದ ಕಡೆ ಮೂರು, ಉಳಿದಿದ್ದೆಲ್ಲ ಟ್ರ್ಯಾಕ್. ಒಳ್ಳೆಯ ಮೈಕ್ ಹೋಗಿ ಕಿರುಗುಡುವ ಮೈಕ್. ಕುರ್ಚಿ ಕಡಿಮೆ, ನೀರಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ. ಕಾಫಿ ಹೋಟೆಲಿನವನು ಎಷ್ಟು ಹಾಲು ತರಿಸಬೇಕು, ಬೋಂಡದವನು ಎಷ್ಟು ಹಿಟ್ಟು ಕಲಸಬೇಕು, ಅದಕ್ಕೂ ಅಂದಾಜಿಲ್ಲ. ಜನ ಕಡಿಮೆ ಬಂದರೆ ಇವರಿಗೆ ನಷ್ಟ, ಒಮ್ಮೆಲೇ ನುಗ್ಗಿದರೆ ಎಲ್ಲರಿಗೂ ಅಪಾಯ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಜೀವ ಕಳೆದುಕೊಂಡರು. ಅದು ಹಾಡಿನ ಕಾರ್ಯಕ್ರಮವಲ್ಲ, ಕ್ರಿಕೆಟ್ ವಿಜಯೋತ್ಸವ. ಆದರೂ ಎಷ್ಟು ಜನ ಬರುತ್ತಾರೆಂಬ ಲೆಕ್ಕವಿಲ್ಲದೆ ಜನ ಸೇರಿಸಿದರೆ ಏನಾಗುತ್ತದೆಂಬ ಪಾಠ ಎಲ್ಲ ಊರಿಗೂ ಒಂದೇ.

ಇದು ನಮ್ಮೂರಿನ ರೋಗ ಮಾತ್ರವಲ್ಲ. ಕೋಲ್ಡ್‌ಪ್ಲೇ ತಂಡ 2025ರ ಜನವರಿಯಲ್ಲಿ ಮುಂಬಯಿಗೆ ಬರುತ್ತದೆಂದಾಗ ಟಿಕೆಟ್ ತಿಂಗಳುಗಟ್ಟಲೆ ಮುಂಚೆಯೇ ಕಣ್ಣು ಮುಚ್ಚಿ ತೆರೆಯುವುದರೊಳಗೆ ಖಾಲಿಯಾಯಿತು. ಆದರೆ ಆಸ್ಟ್ರೇಲಿಯಾದಲ್ಲಿ ಸಣ್ಣ ಊರುಗಳಿಗೆ ಹೋಗುತ್ತಿದ್ದ ‘ಗ್ರೂವಿನ್ ದ ಮೂ’ ಎಂಬ ಸಂಗೀತ ಜಾತ್ರೆ 2024ರಲ್ಲಿ ಟಿಕೆಟ್ ಸಾಕಷ್ಟು ಹೋಗಲಿಲ್ಲವೆಂದು ಮಾರಾಟ ಶುರುವಾದ ಕೆಲವೇ ವಾರದಲ್ಲಿ ರದ್ದಾಯಿತು. ಮರುವರ್ಷವೂ ನಡೆಯಲಿಲ್ಲ. ದೊಡ್ಡ ಊರಿನ ದೊಡ್ಡ ಹೆಸರಿಗೆ ಮುಂಗಡದ ಸುರಿಮಳೆ, ಸಣ್ಣ ಊರಿನ ವೇದಿಕೆಗೆ ‘ನೋಡನ ಬಿಡು’. ಪೆಟ್ಟು ಬೀಳುವುದು ಯಾವತ್ತೂ ಸಣ್ಣ ಊರಿಗೇ.

ಬಿಟ್ಟಿ ಯಾವುದೂ ಬಿಟ್ಟಿಯಲ್ಲ

“ಹಿಂದೆ ನಾಟಕದ ಕಂಪನಿಗಳು ಮುಂಗಡ ಕೇಳ್ತಿದ್ವಾ?” ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಕಂಪನಿ ನಮ್ಮ ಜಿಲ್ಲೆಯದೇ. ನಮ್ಮ ತಿಪಟೂರಿನ ನರಸಿಂಹರಾಜು ಬಣ್ಣ ಹಚ್ಚಿದ ಕಂಪನಿಯೂ ಅದು. ನೆಲ, ಬೆಂಚು, ಕುರ್ಚಿ ಎಂದು ದರ್ಜೆ ಮಾಡಿ ಸಂಜೆ ಹೊತ್ತಿಗೆ ಟಿಕೆಟ್ ಕೊಡುವುದು ಕಂಪನಿ ನಾಟಕಗಳ ಪದ್ಧತಿ. ಆದರೆ ಕಂಪನಿ ಒಂದೂರಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತಿತ್ತು. ಇವತ್ತು ಕಲೆಕ್ಷನ್ ಬಿದ್ದರೆ ನಾಳೆ ಬೇರೆ ನಾಟಕ ಹಾಕಿ ಎತ್ತಿಕೊಳ್ಳುತ್ತಿದ್ದರು. ಒಂದೇ ರಾತ್ರಿಯ ಸಂಗೀತಕ್ಕೆ ಆ ನಾಳೆ ಎಂಬುದು ಇಲ್ಲ.

ಇನ್ನು ಹಳ್ಳಿಯ ‘ಕುರುಕ್ಷೇತ್ರ’ ನಾಟಕ. ಅದಕ್ಕೆ ಟಿಕೆಟ್ಟೇ ಇಲ್ಲ, ರಾತ್ರಿಯಿಡೀ ಬಿಟ್ಟಿ ನೋಡುತ್ತೇವೆ. ಆದರೆ ದುರ್ಯೋಧನ, ಕರ್ಣ, ಶಕುನಿಯರು ತಂತಮ್ಮ ಪಾತ್ರಕ್ಕೆ ತಾವೇ ದುಡ್ಡು ಹಾಕಿರುತ್ತಾರೆ. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಮೈಕಿಗೆ ಹೋಗುವುದು ಅದೇ ದುಡ್ಡು. ಮುಂಗಡ ಯಾರೋ ಕೊಟ್ಟಿದ್ದಾರೆ, ಕೊಟ್ಟವರು ನಾವಲ್ಲ ಅಷ್ಟೇ.

ಟಿಕೆಟ್ ಕಾರ್ಯಕ್ರಮಗಳು ನಿಂತ ಕಡೆ ಮುಂಗಡ ಕೊಡುವವರು ಮುಖಂಡರು. ಅವರ ಹುಟ್ಟುಹಬ್ಬಕ್ಕೆ ಬಿಟ್ಟಿ ಆರ್ಕೆಸ್ಟ್ರಾ. ವೇದಿಕೆಯ ತುಂಬ ಫ್ಲೆಕ್ಸು, ಎರಡು ಹಾಡಿನ ನಡುವೆ ನಾಲ್ಕು ಹಾರ, ಆರು ಭಾಷಣ. ಯಾರು ಹಾಡಬೇಕು, ಏನು ಹಾಡಬೇಕು ಎಂಬುದು ಕೊಟ್ಟವರ ಇಷ್ಟ. ಕೇಳುವವನಿಗೆ ತಕರಾರು ತೆಗೆಯುವ ಹಕ್ಕಿಲ್ಲ, ಯಾಕೆಂದರೆ ಅವನು ಕಾಸು ಕೊಟ್ಟಿಲ್ಲ.

ತಪ್ಪು ಒಂದೇ ಕಡೆ ಇಲ್ಲ

ಹಾಗೆಂದು ಗಿರಾಕಿಯನ್ನು ಮಾತ್ರ ಬೈದರೆ ಅನ್ಯಾಯ. ಆರು ಗಂಟೆ ಎಂದು ಅಚ್ಚು ಹಾಕಿಸಿ ಎಂಟಕ್ಕೆ ಶುರುಮಾಡುವವರನ್ನು ನಂಬಿ ಯಾರು ತಾನೇ ಮುಂಚೆ ದುಡ್ಡು ಕೊಟ್ಟಾರು? ಕಾರ್ಯಕ್ರಮ ಮುಂದಕ್ಕೆ ಹೋದರೆ ಟಿಕೆಟ್ ಹಣದ ಗತಿಯೇನೆಂದು ಟಿಕೆಟ್ಟಿನ ಮೇಲೆ ಬರೆದಿರುವುದಿಲ್ಲ. ಒಂದು ಕಡೆ 200 ರೂಪಾಯಿಗೆ ಟಿಕೆಟ್ ಮಾರುತ್ತಲೇ ಇನ್ನೊಂದು ಕಡೆ ಬೇಕಾದವರಿಗೆಲ್ಲ ಪಾಸು ಹಂಚುತ್ತಾರೆ. ಕೊನೆಗೆ ಕುರ್ಚಿ ಖಾಲಿ ಕಂಡರೆ ಗೇಟನ್ನೇ ತೆಗೆದುಬಿಡುತ್ತಾರೆ. ಮೊದಲೇ ಕೊಂಡವನು ಪೆಚ್ಚಾಗುತ್ತಾನೆ. ಮುಂದಿನ ಸಲ ಅವನೂ “ಅವತ್ತೇ ನೋಡನ” ಎನ್ನದೆ ಇನ್ನೇನು ಮಾಡುತ್ತಾನೆ?

ಎಲ್ಲಕ್ಕಿಂತ ದೊಡ್ಡ ಕಾರಣ ಕೊನೇ ಬಸ್ಸು. ಬೋರನಕಣಿವೆ ಕಡೆಯವರು ತಿಪಟೂರಿನಲ್ಲಿ ಹಾಡು ಕೇಳಿ ರಾತ್ರಿ ಹತ್ತೂವರೆಗೆ ಎದ್ದರೆ ಹುಳಿಯಾರು ಮುಟ್ಟುವುದೇ ಕಷ್ಟ, ಅಲ್ಲಿಂದ ಮುಂದಿನದು ದೇವರಿಗೇ ಗೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ, ಸಂತೋಷ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಚಾರ್ಜಿಲ್ಲದಿದ್ದರೆ ಬಂದ ಭಾಗ್ಯವೇನು? ವಾಪಸ್ ಬರುವ ದಾರಿ ಖಾತ್ರಿಯಿಲ್ಲದವನು ಆಟೋ ಸಿಗುತ್ತದೋ, ಜೊತೆ ಸಿಗುತ್ತದೋ ಎಂದು ಕೊನೇ ಗಳಿಗೆವರೆಗೂ ನೋಡುವುದು ಸಹಜ.

ಆಗಬೇಕಾದ್ದು

ದಾರಿ ಇಲ್ಲದೆ ಇಲ್ಲ. ಬೆಂಗಳೂರು ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ಅಲ್ಲಿ ಇಡೀ ಉತ್ಸವಕ್ಕೆ ಸೀಸನ್ ಟಿಕೆಟ್ ಉಂಟು. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜಕ್ಕೆ ಸದಸ್ಯರ ಬಲವಿದೆ. ಕೇಳುವವರು ಮೊದಲೇ ಕೈ ಜೋಡಿಸಿದ ಕಡೆ ಸಂಗೀತ ನಿಂತಿದೆ. ನಮ್ಮಲ್ಲಿಯೂ ವರ್ಷಕ್ಕೆ ನಾಲ್ಕು ಕಾರ್ಯಕ್ರಮ, ಒಂದೇ ಕಾರ್ಡು ಎಂದು ಮಾಡಲು ಯಾರಪ್ಪಣೆ ಬೇಕು?

ನಡೆಸುವವರು ಮೊದಲು ನಾಲ್ಕು ಕೆಲಸ ಮಾಡಲಿ. ಕಾರ್ಯಕ್ರಮ ರದ್ದಾದರೆ ಇಂಥ ಅಂಗಡಿಯಲ್ಲಿ ಇಷ್ಟು ದಿನದೊಳಗೆ ಹಣ ವಾಪಸ್ ಎಂದು ಟಿಕೆಟ್ಟಿನ ಮೇಲೇ ಅಚ್ಚು ಹಾಕಿಸಲಿ. ಮುಂಚೆ ಕೊಳ್ಳುವವರಿಗೆ 150, ಗೇಟಿನಲ್ಲಿ 200 ಎಂದು ಮಾಡಿ ಆ ಮಾತಿಗೆ ಕಟ್ಟುಬೀಳಲಿ. ಬಿಟ್ಟಿ ಪಾಸು ನಿಲ್ಲಿಸಲಿ. ಫೋನಿನಲ್ಲಿ ಮಾತ್ರ ಟಿಕೆಟ್ ಎನ್ನದೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲೂ ಕೊಬ್ಬರಿ ಮಂಡಿಯಲ್ಲೂ ಪುಸ್ತಕ ಇಡಲಿ. ಟಿಕೆಟ್ ಕೊಡುವಾಗ ಯಾವ ಊರಿಗೆ ವಾಪಸ್ ಹೋಗುವವರು ಎಂದು ಕೇಳಿ ಬರೆದುಕೊಳ್ಳಲಿ. ಹುಳಿಯಾರು ದಾರಿಗೆ ಐವತ್ತು ಮಂದಿ ಎಂದು ವಾರ ಮುಂಚೆ ಗೊತ್ತಾದರೆ ಕೆ.ಎಸ್.ಆರ್.ಟಿ.ಸಿ. ಡಿಪೊದಲ್ಲಿ ಒಪ್ಪಂದದ ಮೇಲೆ ಒಂದು ಬಸ್ ಕೇಳಬಹುದು. ಮುಂಗಡ ಟಿಕೆಟ್ಟಿನಿಂದ ಬಸ್ಸು ಬರುತ್ತೆ, ಬಸ್ಸಿನ ಭರವಸೆಯಿಂದ ಮುಂಗಡ ಟಿಕೆಟ್ ಹೋಗುತ್ತೆ. ಮೊದಲ ಹೆಜ್ಜೆ ಇಡಬೇಕಾದವರು ನಡೆಸುವವರೇ.

ಓದುಗರ ಪಾಲಿನ ಕೆಲಸ ಇನ್ನೂ ಸುಲಭ. ಟಿಕೆಟ್ ಪುಸ್ತಕ ಅಂಗಡಿ ಮುಂದೆ ಬಂದಾಗ ಎರಡು ಪ್ರಶ್ನೆ ಕೇಳಿ. ಎಷ್ಟು ಹೊತ್ತಿಗೆ ಮುಗಿಯುತ್ತೆ? ನಿಂತುಹೋದರೆ ದುಡ್ಡು ವಾಪಸ್ ಕೊಡ್ತೀರಾ? ಸರಿಯಾದ ಉತ್ತರ ಬರದಿದ್ದರೆ ಮುಲಾಜಿಲ್ಲದೆ ಕಳಿಸಿ. ಬಂದರೆ ಅಲ್ಲೇ, ಆಗಲೇ ದುಡ್ಡು ಕೊಟ್ಟು ಟಿಕೆಟ್ ಹರಿಸಿಕೊಳ್ಳಿ. ಬೆಳಿಗ್ಗೆ ಅಂಗಡಿ ತೆರೆದವನಿಗೆ ಬೋಣಿಯ ಬೆಲೆ ಏನೆಂದು ನಾವು ಬೇರೆ ಹೇಳಿಕೊಡಬೇಕಾಗಿಲ್ಲ.