ದೊಡ್ಡಕ್ಷರದ ಫಜೀತಿ

ನಮ್ಮ ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವಿಲ್ಲ. ಅರಸನಿಗೂ ಅಗಸನಿಗೂ ಅದೇ ‘ಅ’. ಇಂಗ್ಲಿಷಿನಲ್ಲಿ ಹಾಗಲ್ಲ. ಆ ಭೇದವು ಗಣಕಯಂತ್ರದೊಳಗೆ ಎಂಥ ಫಜೀತಿಯನ್ನುಂಟುಮಾಡಬಲ್ಲುದೆಂಬುದು ಈಚೆಗೆ ನಮ್ಮ ಮನೆಯಲ್ಲಿಯೇ ಅನುಭವಕ್ಕೆ ಬಂದಿತು.

ನಮ್ಮ ತಾಯಿಯವರ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ನನ್ನ ಸೋದರಳಿಯ ಹಳೆಯ ಭಾವಚಿತ್ರಗಳನ್ನು ಕೂಡಿಸಿ ಅಂತರ್ಜಾಲದಲ್ಲಿ ಒಂದು ಪುಟವನ್ನು ಸಿದ್ಧಪಡಿಸಿದ. ಮನೆಯ ವಿಂಡೋಸ್ ಯಂತ್ರದಲ್ಲಿ ಚಿತ್ರಗಳೆಲ್ಲವೂ ಕಂಡವು. ಲಿನಕ್ಸ್ ನಡೆಸುವ ಸರ್ವರಿಗೆ ಏರಿಸಿದ್ದೇ ತಡ, ಅಜ್ಜಿಯ ಮದುವೆಯ ಚಿತ್ರವೇ ಮಾಯ! ಹುಡುಕಿ ನೋಡಿದರೆ, ‘ಅಜ್ಜಿ’ ಎಂಬ ಆ ಕಡತದ ಹೆಸರನ್ನು ದೊಡ್ಡ ‘ಎ’ಯಿಂದ ಬರೆದು, ಪುಟದಲ್ಲಿ ಅದನ್ನು ಕರೆಯುವಾಗ ಚಿಕ್ಕ ‘ಎ’ ಬರೆದಿದ್ದ.

ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ, ಅಷ್ಟೆ. ದೊಡ್ಡ ‘ಎ’ಗೆ 65, ಚಿಕ್ಕ ‘ಎ’ಗೆ 97. ಯುನಿಕ್ಸ್ ಸಂಪ್ರದಾಯದ ಲಿನಕ್ಸ್ ಸಾಮಾನ್ಯವಾಗಿ ಈ ಸಂಖ್ಯೆಗಳನ್ನು ಇದ್ದಂತೆಯೇ ಹೋಲಿಸುತ್ತದೆ. ಸಂಖ್ಯೆ ಬೇರೆಯಾದರೆ ಕಡತವೂ ಬೇರೆ. ವಿಂಡೋಸ್, ಮ್ಯಾಕ್‌ಗಳಾದರೋ ಬರೆದ ರೂಪವನ್ನು ಉಳಿಸಿಕೊಂಡರೂ, ಹುಡುಕುವಾಗ ಸಾಮಾನ್ಯವಾಗಿ ಈ ಭೇದವನ್ನು ಎಣಿಸುವುದಿಲ್ಲ.

ಒಂದು ಚಿತ್ರ ಕಾಣದಿದ್ದರೆ ಏನು ಮಹಾ ಎನ್ನಬೇಡಿ. ತಂತ್ರಾಂಶ ರಚಿಸುವವರು ತಮ್ಮ ಬರಹದ ಹಿಂದಿನ ರೂಪಗಳನ್ನು ಕಾಪಾಡಲು ‘ಗಿಟ್’ ಎಂಬ ಸಾಧನವನ್ನು ಬಳಸುತ್ತಾರೆ. ಅದರ ಕಟ್ಟಳೆಗಳಿರುವ ಕೋಶದ ಹೆಸರನ್ನೇ ಹೊತ್ತು ಹೊರಗಿನ ಕಡತ ಒಳಬಂದರೆ ಗಿಟ್ ತಡೆಯುತ್ತಿತ್ತು. ಆದರೆ ಅದೇ ಹೆಸರಿನ ಒಂದಕ್ಷರವನ್ನು ದೊಡ್ಡದಾಗಿ ಬರೆದರೆ, ಬೇರೆ ಹೆಸರೆಂದು ಬಗೆದು ಒಳಗೆ ಬಿಡುತ್ತಿತ್ತು! ವಿಂಡೋಸ್, ಮ್ಯಾಕ್‌ಗಳಿಗೆ ಎರಡೂ ಒಂದೇ; ದುಷ್ಟನ ಕಡತ ನಿಜವಾದ ಕಟ್ಟಳೆಯ ಮೇಲೆಯೇ ಕುಳಿತು, ಯಜಮಾನನ ಯಂತ್ರದಲ್ಲಿ ತನ್ನ ಆಜ್ಞೆಯನ್ನು ನಡೆಸಬಹುದಾಗಿತ್ತು. 2014ರ ಡಿಸೆಂಬರಿನಲ್ಲಿ ಈ ದೋಷ ಬಯಲಾಗಿ, ಆ ಹೆಸರು ಯಾವ ವೇಷದಲ್ಲಿ ಬಂದರೂ ತಡೆಯುವಂತೆ ತಿದ್ದಿದರು. ಬಾಗಿಲಿನವನೂ ಒಳಗಿನವನೂ ಹೆಸರನ್ನು ಒಂದೇ ರೀತಿ ಓದದಿದ್ದರೆ ಕಳ್ಳನಿಗೇ ಲಾಭವಲ್ಲವೆ?

ಪರಿಹಾರ ಸುಲಭ. ನೀವಿಡುವ ಹೆಸರುಗಳೆಲ್ಲ ಚಿಕ್ಕಕ್ಷರಗಳಲ್ಲಿರಲಿ. ಇಟ್ಟಂತೆಯೇ ಕರೆಯಿರಿ. ಒಂದೇ ಕೋಶದಲ್ಲಿ ಅಕ್ಷರದ ಗಾತ್ರವೊಂದರಲ್ಲೇ ಭೇದವಿರುವ ಎರಡು ಹೆಸರುಗಳು ಬೇಡ. ಮನೆಯ ಯಂತ್ರ ಒಪ್ಪಿತೆಂದು ಸುಮ್ಮನಾಗದೆ, ಲಿನಕ್ಸಿನಲ್ಲಿಯೂ ಒಮ್ಮೆ ಪರೀಕ್ಷಿಸಿ.

ಸೋದರಳಿಯ ಅಕ್ಷರವೊಂದನ್ನು ತಿದ್ದಿದ. ಮದುವೆಯ ಚಿತ್ರ ಮೂಡಿತು. ಕನ್ನಡಕವನ್ನು ಸರಿಪಡಿಸಿಕೊಳ್ಳುತ್ತ ನಮ್ಮ ತಾಯಿಯವರು ಕೇಳಿದರು:

“ಅಕ್ಷರ ದೊಡ್ಡದಾದರೇನೋ, ಚಿಕ್ಕದಾದರೇನೋ? ಅಜ್ಜಿ ನಾನೇ ಅಲ್ಲವೇ?”

“ನಮಗೆ ಹೌದಜ್ಜಿ, ಲಿನಕ್ಸಿಗಲ್ಲ!” ಎಂದ ಮೊಮ್ಮಗ.